ಸಿಗ್ನಲ್‌ಗೂ ಒಬ್ಬ ನೀರುಗಂಟಿ ಬೇಕು

ಬೆಂಗಳೂರಿನ ಯಾವುದಾದರೂ ದೊಡ್ಡ ಅಪಾರ್ಟ್‌ಮೆಂಟಿನ ಎಂಟನೇ ಮಹಡಿ ಬಾಲ್ಕನಿಯಲ್ಲಿ ನಿಂತು ಸ್ಪೀಡ್ ಟೆಸ್ಟ್ ಮಾಡಿ ನೋಡಿ. 5ಜಿ ಸರಾಗವಾಗಿ ಓಡುತ್ತದೆ. ಅದೇ ಕಟ್ಟಡದ ಎರಡನೇ ಬೇಸ್‌ಮೆಂಟಿಗೆ ಇಳಿದರೆ ಯುಪಿಐ ಚಕ್ರ ಸುತ್ತುತ್ತಲೇ ಇರುತ್ತದೆ. ಕಾರು ತೆಗೆಯಲು ಇಳಿದು ಬರುವವರಿಗೆ ಅದು ಎರಡು ನಿಮಿಷದ ಕಿರಿಕಿರಿ. ಅಲ್ಲೇ ದಿನವಿಡೀ ಕೆಲಸ ಮಾಡುವ ಸೆಕ್ಯೂರಿಟಿಯವರಿಗೆ, ಕಾರು ತೊಳೆಯುವವರಿಗೆ, ಓನರ್ ಬರಲಿ ಎಂದು ಕಾಯುವ ಡ್ರೈವರ್‌ಗಳಿಗೆ ಅದೇ ದಿನಚರಿ. ರೀಚಾರ್ಜ್ ದರ ಮಾತ್ರ ಮೇಲಿದ್ದವರಿಗೂ ಕೆಳಗಿದ್ದವರಿಗೂ ಒಂದೇ.

‘ಟವರ್ ದೂರ, ಗೋಡೆ ಅಡ್ಡ, ಏನ್ ಮಾಡೋಕಾಗುತ್ತೆ’ ಎಂದು ಸುಮ್ಮನಾಗುತ್ತೇವೆ. ಅದು ಅರ್ಧ ಸತ್ಯ. ಯಾವ ಫೋನಿಗೆ ಎಷ್ಟು ಹೊತ್ತು, ಎಷ್ಟು ಬ್ಯಾಂಡ್ (ಎಷ್ಟು ಅಗಲದ ರೇಡಿಯೊ ತರಂಗಪಟ್ಟಿ), ಎಷ್ಟು ಪವರ್ ಎಂದು ಟವರಿನೊಳಗೆ ಒಂದು ಹಂಚಿಕೆ ನಡೆಯುತ್ತಲೇ ಇರುತ್ತದೆ. 4ಜಿಯಲ್ಲಿ ಸೆಕೆಂಡಿಗೆ ಸಾವಿರ ಸಲ. ಆ ಹಂಚಿಕೆಯ ನಿಯಮ ಆಕಾಶದಿಂದ ಇಳಿದದ್ದಲ್ಲ. ಯಾರೋ ಕೂತು ಆರಿಸಿದ್ದು.

ಹಳೇ ಮೈಸೂರು ಸೀಮೆಯ ಕೆರೆಗಳಿಗೆ ಒಬ್ಬ ನೀರುಗಂಟಿ ಇರುತ್ತಿದ್ದ. ತೂಬು ಎತ್ತಿ ಗದ್ದೆಗಳಿಗೆ ನೀರು ಬಿಡುವುದು ಅವನ ಕೆಲಸ. ಇವತ್ತು ಟೆಕ್ಕಿಗಳ ಏರಿಯಾ ಅನಿಸಿಕೊಂಡಿರುವ ಬೆಳ್ಳಂದೂರು, ವರ್ತೂರು ಕೆರೆಗಳ ಕೆಳಗೂ ಅಚ್ಚುಕಟ್ಟು ಇತ್ತು. ತೂಬಿನ ಪಕ್ಕದ ಗದ್ದೆಗೆ ನೀರು ತಾನಾಗೇ ಹೋಗುತ್ತದೆ, ಅದಕ್ಕೆ ಯಾರೂ ಬೇಕಿಲ್ಲ. ಕಡೇ ಗದ್ದೆಗೆ ಮುಟ್ಟಿಸುವುದಕ್ಕೇ ನೀರುಗಂಟಿ ಬೇಕಾಗಿದ್ದು. ರೇಡಿಯೊ ಪವರ್ ಹಂಚುವ ಲೆಕ್ಕಕ್ಕೂ ಇದೇ ಕೆಲಸ. ಒಂದು ವ್ಯತ್ಯಾಸ ಇದೆ: ಒಬ್ಬರ ಗದ್ದೆಗೆ ಬಿಟ್ಟ ನೀರು ಪಕ್ಕದವರ ನೀರನ್ನು ಕೆಡಿಸುವುದಿಲ್ಲ. ರೇಡಿಯೊದಲ್ಲಿ ಕೆಡಿಸುತ್ತದೆ.

ಹಾಗಾದರೆ ಪವರನ್ನೇ ಜಾಸ್ತಿ ಮಾಡಿಬಿಡಬಹುದಲ್ವಾ? ಆಗುವುದಿಲ್ಲ. ಬಯಲಿನಲ್ಲಿ ದೂರ ಎರಡು ಪಟ್ಟಾದರೆ ಸಿಗ್ನಲ್ ನಾಲ್ಕನೇ ಒಂದಕ್ಕೆ ಇಳಿಯುತ್ತದೆ. ಕಟ್ಟಡಗಳು ತುಂಬಿದ ಊರಿನಲ್ಲಿ ಅದು ಹೆಚ್ಚುಕಡಿಮೆ ಹದಿನಾರನೇ ಒಂದಕ್ಕೂ ಇಳಿಯಬಹುದು. ಅಂದರೆ ಎರಡು ಪಟ್ಟು ದೂರ ಮುಟ್ಟಲು ಹದಿನಾರು ಪಟ್ಟು ಪವರ್. ಅಷ್ಟು ಹೊರಡಿಸಿದರೆ ಪಕ್ಕದ ಟವರಿನ ಗಿರಾಕಿಗಳಿಗೆ ಅದೇ ಅಡ್ಡಿ. ಅವರ ಟವರೂ ಏರಿಸಿದರೆ ಸಿಗ್ನಲ್ಲೂ ಅಡ್ಡಿಯೂ ಒಟ್ಟಿಗೇ ಏರಿ, ಎರಡರ ಅನುಪಾತ ಇದ್ದಲ್ಲೇ ಇರುತ್ತದೆ. ಕರೆಂಟ್ ಖರ್ಚಾಗಿದ್ದಷ್ಟೇ ಲಾಭ. ಸಿಗ್ನಲ್ ಗೆರೆ ಎಳೆದ ಕಡೆ ನಿಲ್ಲುವುದಿಲ್ಲ ಅನ್ನುವುದು ಪರಪ್ಪನ ಅಗ್ರಹಾರದ ಸುತ್ತಮುತ್ತಲಿನವರಿಗೆ ಹೇಳಬೇಕಾಗಿಲ್ಲ. ಜೈಲಿನ ಜಾಮರ್‌ನಿಂದ ತಮ್ಮ ಮನೆಯ ಫೋನೂ ಸತ್ತುಹೋಗುತ್ತಿದೆ ಎಂದು ಅವರು ದೂರಿದ್ದು ಸುದ್ದಿಯಾಗಿತ್ತು.

ಮೇಲಾಗಿ ಕಾನೂನಿನ ಮಿತಿ ಇದೆ. ಅಂತರರಾಷ್ಟ್ರೀಯ ಸಂಸ್ಥೆ ಹೇಳಿದ ವಿಕಿರಣ ಮಿತಿಯ ಹತ್ತನೇ ಒಂದು ಭಾಗವನ್ನು ಭಾರತ 2012ರ ಸೆಪ್ಟೆಂಬರ್ 1ರಿಂದ ಜಾರಿಗೆ ತಂದಿತು. ಇಷ್ಟಾದರೂ ‘ನಮ್ಮ ಟೆರೇಸ್ ಮೇಲೆ ಟವರ್ ಬೇಡ’ ಎಂದು ಜಗಳ ಮಾಡುವವರು ಪ್ರತಿ ಬಡಾವಣೆಯಲ್ಲೂ ಇದ್ದಾರೆ. ಟವರ್ ದೂರ ಹೋದಷ್ಟೂ ಅವರ ಕಿವಿಗೇ ಅಂಟಿಕೊಂಡಿರುವ ಫೋನು ತನ್ನ ಪವರನ್ನು ಏರಿಸಿಕೊಳ್ಳುತ್ತದೆ, ಅದರ ಗರಿಷ್ಠವಾದ ಸುಮಾರು 0.2 ವ್ಯಾಟ್‌ವರೆಗೂ. ಟವರನ್ನು ಓಡಿಸಿ ಕಡಿಮೆ ಮಾಡಿಕೊಂಡದ್ದು ಏನು ಎಂದು ಅವರನ್ನೇ ಕೇಳಬೇಕು.

ಒಂದು ಚಿಕ್ಕ ಲೆಕ್ಕ

ಹೇಗೆ ಹಂಚಿದರೆ ಏನಾಗುತ್ತದೆ ಅನ್ನುವುದನ್ನು ಅಂಕಿಯಲ್ಲೇ ನೋಡೋಣ. ಒಂದು ಟವರ್, ಇಬ್ಬರು ಗಿರಾಕಿಗಳು. ಒಬ್ಬರು ಬಾಲ್ಕನಿಯಲ್ಲಿ, ಇನ್ನೊಬ್ಬರು ಎರಡನೇ ಬೇಸ್‌ಮೆಂಟಿನಲ್ಲಿ. ನಡುವಿನ ಒಂದೊಂದು ಕಾಂಕ್ರೀಟ್ ಸ್ಲ್ಯಾಬ್ 10 ಡೆಸಿಬಲ್ ತಿನ್ನುತ್ತದೆ ಎಂದುಕೊಳ್ಳಿ, ಅಂದರೆ ಹತ್ತನೇ ಒಂದು ಭಾಗ ಮಾತ್ರ ಒಳಗೆ ಬಿಡುತ್ತದೆ. ಎರಡು ಸ್ಲ್ಯಾಬ್ ದಾಟಿದರೆ ನೂರನೇ ಒಂದು ಭಾಗ. ಇಬ್ಬರಿಗೂ ಬೇರೆ ಬೇರೆ 1 ಮೆಗಾಹರ್ಟ್ಸ್ ಬ್ಯಾಂಡ್ ಇದೆ. ಪೂರ್ತಿ ಪವರ್ ಬಾಲ್ಕನಿಗೆ ಹೋದರೆ ಅಲ್ಲಿ ಸಿಗ್ನಲ್ ಗದ್ದಲದ (ಫೋನಿಗೆ ಸಿಗ್ನಲ್ ಜೊತೆ ಸೇರಿ ಬರುವ ನಾಯ್ಸ್) ನೂರು ಪಟ್ಟು ಇರುತ್ತದೆ. ಪೂರ್ತಿ ಬೇಸ್‌ಮೆಂಟಿಗೆ ಹೋದರೆ ಅಲ್ಲಿ ಸಿಗ್ನಲ್ಲೂ ಗದ್ದಲವೂ ಸಮ. ಉಳಿದದ್ದು ಅಮೆರಿಕದ ಗಣಿತಜ್ಞ ಕ್ಲಾಡ್ ಶ್ಯಾನನ್ 1948ರಲ್ಲಿ ಕೊಟ್ಟ ಸೂತ್ರ: ಬ್ಯಾಂಡ್ ಎಷ್ಟು, ಸಿಗ್ನಲ್ ಗದ್ದಲದ ಎಷ್ಟು ಪಟ್ಟು ಎಂದು ಹೇಳಿದರೆ ಹೆಚ್ಚೆಂದರೆ ಎಷ್ಟು ಸ್ಪೀಡ್ ಸಿಗುತ್ತದೆ ಎಂದು ಅದು ಹೇಳುತ್ತದೆ.

ಕಂಪನಿಗೆ ಒಟ್ಟು ಡೇಟಾ ಜಾಸ್ತಿ ಹೋದರೆ ಸಾಕು ಎಂದಿದ್ದರೆ ಸೂತ್ರ 99.5% ಪವರನ್ನು ಬಾಲ್ಕನಿಗೆ ಕೊಡುತ್ತದೆ. ಅಲ್ಲಿ ಸೆಕೆಂಡಿಗೆ 6.65 ಮೆಗಾಬಿಟ್. ಬೇಸ್‌ಮೆಂಟಿಗೆ 0.007. ಒಂದು ಫೋಟೋ ಕೂಡ ಹೋಗಲು ಒದ್ದಾಡಬೇಕು.

ಪವರನ್ನು ಅರ್ಧರ್ಧ ಹಂಚಿದರೆ ಬಾಲ್ಕನಿಗೆ 5.67, ಬೇಸ್‌ಮೆಂಟಿಗೆ 0.58. ಪವರ್ ಸಮ ಆಯಿತು, ಸಿಕ್ಕಿದ್ದು ಸಮ ಆಗಲಿಲ್ಲ. ನ್ಯಾಯ ಅಂದರೆ ಸಮಪಾಲು ಎಂದು ನಂಬಿದವರು ಇಲ್ಲೇ ಎಡವುತ್ತಾರೆ.

ಇನ್ನೊಂದು ತುದಿಯಲ್ಲಿ ಮ್ಯಾಕ್ಸ್-ಮಿನ್ ಎಂಬ ನಿಯಮ ಇದೆ. ಎಲ್ಲರಿಗಿಂತ ಕಷ್ಟದಲ್ಲಿರುವವರ ಸ್ಪೀಡನ್ನು ಆದಷ್ಟು ಮೇಲೆತ್ತು, ಮಿಕ್ಕಿದ್ದು ಆಮೇಲೆ ಅನ್ನುತ್ತದೆ ಅದು. ನಮ್ಮ ಲೆಕ್ಕದಲ್ಲಿ 99% ಪವರ್ ಬೇಸ್‌ಮೆಂಟಿಗೆ ಹೋಗುತ್ತದೆ. ಇಬ್ಬರಿಗೂ ತಲಾ 0.99. ಕೇಳಲು ಚೆನ್ನಾಗಿದೆ, ಆದರೆ ಒಟ್ಟು ಮೊತ್ತ 6.66ರಿಂದ 2ಕ್ಕೂ ಕೆಳಗೆ ಕುಸಿಯಿತು.

ನನಗೆ ಕುತೂಹಲ ಅನಿಸುವುದು ಇವೆರಡರ ನಡುವಿನ ಹಾದಿ. ಕೇಂಬ್ರಿಜ್‌ನ ಗಣಿತಜ್ಞ ಫ್ರಾಂಕ್ ಕೆಲಿ 1997ರಲ್ಲಿ ಇಂಟರ್‌ನೆಟ್ ಹಂಚಿಕೆಗೆ ಎಂದು ಮುಂದಿಟ್ಟದ್ದು: ಪ್ರೊಪೋರ್ಷನಲ್ ಫೇರ್. ಯಾರಿಗೆ ಎಷ್ಟು ಮೆಗಾಬಿಟ್ ಏರಿತು, ಇಳಿಯಿತು ಎಂದು ಇದು ನೋಡುವುದಿಲ್ಲ. ಅವರವರ ಪಾಲಿನಲ್ಲಿ ಶೇಕಡಾ ಎಷ್ಟು ಏರಿತು, ಇಳಿಯಿತು ಎಂದು ನೋಡುತ್ತದೆ. ನಮ್ಮ ಲೆಕ್ಕಕ್ಕೆ ಹಾಕಿದರೆ 27% ಪವರ್ ಬಾಲ್ಕನಿಗೆ, 73% ಬೇಸ್‌ಮೆಂಟಿಗೆ. ಸ್ಪೀಡ್ 4.82 ಮತ್ತು 0.79. ಒಟ್ಟು 5.6. ಬಾಲ್ಕನಿಯವರ ಪವರ್ ಅರ್ಧದಿಂದ ಕಾಲು ಭಾಗದ ಹತ್ತಿರಕ್ಕೆ ಇಳಿದರೂ ಅವರು ಕಳೆದುಕೊಂಡದ್ದು ಒಂದು ಮೆಗಾಬಿಟ್ಟಿಗಿಂತ ಕಡಿಮೆ. ಕಾರಣ ಶ್ಯಾನನ್ ಸೂತ್ರದಲ್ಲೇ ಇದೆ. ಸಿಗ್ನಲ್ ಚೆನ್ನಾಗಿದ್ದವರಿಗೆ ಪವರ್ ದುಪ್ಪಟ್ಟು ಮಾಡಿದರೂ ಹರ್ಟ್ಸಿಗೆ ಒಂದು ಬಿಟ್ (ನಮ್ಮ ಲೆಕ್ಕದಲ್ಲಿ ಸೆಕೆಂಡಿಗೆ ಒಂದು ಮೆಗಾಬಿಟ್) ಅಷ್ಟೇ ಸೇರುತ್ತದೆ. ತೀರಾ ಕ್ಷೀಣವಾಗಿದ್ದವರಿಗೆ ದುಪ್ಪಟ್ಟು ಮಾಡಿದರೆ ಸ್ಪೀಡೇ ಸುಮಾರು ದುಪ್ಪಟ್ಟಾಗುತ್ತದೆ. ಇದ್ದವರಿಂದ ತೆಗೆದರೆ ಅವರಿಗೆ ಅಷ್ಟಾಗಿ ಗೊತ್ತೇ ಆಗುವುದಿಲ್ಲ.

ಇಲ್ಲಿಂದ ಮ್ಯಾಕ್ಸ್-ಮಿನ್‌ಗೆ ಹೋದರೆ? ಬೇಸ್‌ಮೆಂಟಿಗೆ ಇನ್ನೂ 0.2 ಸೇರಿಸಲು ಬಾಲ್ಕನಿಯಿಂದ 3.8 ಕಿತ್ತುಕೊಳ್ಳಬೇಕು. ಇಷ್ಟು ದುಬಾರಿ ನ್ಯಾಯವನ್ನು ನಾನಂತೂ ಒಪ್ಪುವುದಿಲ್ಲ. ಎಲ್ಲರಿಗೂ ಕಾಲ್ ಮತ್ತು ಯುಪಿಐ ನಡೆಯುವಷ್ಟು ಒಂದು ಕನಿಷ್ಠ ಮಟ್ಟವನ್ನು ಖಾತ್ರಿ ಮಾಡಿ, ಅದರ ಮೇಲಿನದನ್ನು ಪ್ರೊಪೋರ್ಷನಲ್ ಆಗಿ ಹಂಚುವುದು ಸರಿ ಅನಿಸುತ್ತದೆ.

3ಜಿ ಡೇಟಾದ ಕಾಲದಿಂದಲೂ ಟವರ್‌ಗಳಲ್ಲಿ ಈ ನಿಯಮದ ಒಂದು ಚುರುಕಾದ ರೂಪ ಬಳಕೆಯಲ್ಲಿದೆ. ಪ್ರತಿ ಗಳಿಗೆಯೂ ಒಂದೊಂದು ಫೋನಿನ ಈ ಕ್ಷಣದ ಸ್ಪೀಡನ್ನು ಅದರದೇ ಸರಾಸರಿಯಿಂದ ಭಾಗಿಸಿ, ಭಾಗಲಬ್ಧ ದೊಡ್ಡದಿದ್ದವರಿಗೆ ಸರದಿ ಕೊಡುವುದು. ಔಟರ್ ರಿಂಗ್ ರೋಡಿನ ಬಸ್ಸಿನಲ್ಲಿ ಕೂತವರ ಸಿಗ್ನಲ್ ಕಟ್ಟಡಗಳ ನಡುವೆ ಏರಿಳಿಯುತ್ತಿರುತ್ತದೆ. ತಮ್ಮ ಮಟ್ಟಿಗೆ ಒಳ್ಳೆಯ ಗಳಿಗೆ ಬಂದಾಗ ಅವರ ಸರದಿ ಬರುತ್ತದೆ. ಜಾಣತನದ ನಿಯಮ. ಆದರೆ ಬೇಸ್‌ಮೆಂಟಿನಲ್ಲಿ ಕೂತವರಿಗೆ ಏರು ಇಲ್ಲ, ಬರೀ ಇಳಿವು. ಹಂಚಿಕೆಯ ನಿಯಮ ಎಷ್ಟೇ ಚೆನ್ನಾಗಿರಲಿ, ನೂರನೇ ಒಂದು ಭಾಗದ ಸಿಗ್ನಲ್‌ನಿಂದ ಜಾಸ್ತಿ ಹಿಂಡಲು ಆಗುವುದಿಲ್ಲ.

ಹಂಚಿಕೆ ಎಷ್ಟು ನ್ಯಾಯವಾಗಿದೆ ಎಂದು ಒಂದೇ ಅಂಕಿಯಲ್ಲಿ ಹೇಳುವ ಅಳತೆಗೋಲೂ ಇದೆ. 1984ರಲ್ಲಿ ಅದನ್ನು ರೂಪಿಸಿದವರಲ್ಲಿ ಮೊದಲಿಗರು ಕಂಪ್ಯೂಟರ್ ವಿಜ್ಞಾನಿ ರಾಜ್ ಜೈನ್. ನಮ್ಮ ಐಐಎಸ್‌ಸಿಯಲ್ಲೇ ಎಂ.ಇ. ಓದಿದವರು. ಎಲ್ಲರ ಪಾಲಿನ ಮೊತ್ತದ ವರ್ಗವನ್ನು, ಜನರ ಸಂಖ್ಯೆ ಮತ್ತು ಪಾಲುಗಳ ವರ್ಗಗಳ ಮೊತ್ತದ ಗುಣಲಬ್ಧದಿಂದ ಭಾಗಿಸಿದರೆ ಸೂಚ್ಯಂಕ ಸಿಗುತ್ತದೆ. ನಮ್ಮ ಲೆಕ್ಕದಲ್ಲಿ ಒಟ್ಟು ಡೇಟಾವನ್ನಷ್ಟೇ ನೋಡುವ ಮೊದಲಿನ ದುರಾಸೆಯ ಹಂಚಿಕೆಗೆ 0.5, ಪ್ರೊಪೋರ್ಷನಲ್‌ಗೆ 0.66, ಮ್ಯಾಕ್ಸ್-ಮಿನ್‌ಗೆ ಪೂರ್ತಿ 1. ಇದನ್ನೊಂದನ್ನೇ ನಂಬಬೇಡಿ. ಎಲ್ಲರಿಗೂ ಸಮನಾಗಿ ಚೂರೇ ಚೂರು ಸಿಕ್ಕರೂ ಸೂಚ್ಯಂಕ 1 ಬರುತ್ತದೆ.

ಆಂಟೆನಾ ಹತ್ತಿರ ಬಂದಾಗ

ಈಗ ಬೇಸ್‌ಮೆಂಟಿನ ರ್‍ಯಾಂಪ್ ಹತ್ತಿರ ಇನ್ನೊಂದು ಪುಟ್ಟ ಆಂಟೆನಾ ಹಾಕೋಣ. ಒಟ್ಟು ಪವರ್ ಮೊದಲಿನಷ್ಟೇ. ಪೂರ್ತಿ ಪವರ್ ಕೊಟ್ಟರೆ ಅಲ್ಲಿ ಸಿಗ್ನಲ್ ಗದ್ದಲದ 25 ಪಟ್ಟಾಗುತ್ತದೆ ಎಂದುಕೊಳ್ಳಿ. ಮತ್ತೆ ಅದೇ ಕಟ್ಟುನಿಟ್ಟಿನ ಮ್ಯಾಕ್ಸ್-ಮಿನ್ ಹಾಕಿದರೆ ಬಾಲ್ಕನಿಗೆ 20%, ಬೇಸ್‌ಮೆಂಟಿಗೆ 80%. ಇಬ್ಬರಿಗೂ ತಲಾ 4.39, ಒಟ್ಟು 8.78.

ಮೊದಲಿನ ದುರಾಸೆಯ ಹಂಚಿಕೆಯಲ್ಲೂ ಒಟ್ಟು 6.66 ದಾಟಿರಲಿಲ್ಲ. ಈಗ ಪೂರ್ತಿ ಸಮ ಹಂಚಿಯೂ ಅದಕ್ಕಿಂತ ಜಾಸ್ತಿ. ನ್ಯಾಯಕ್ಕೆ ತೆರಬೇಕಾದ ಬೆಲೆ ಸೂತ್ರದಿಂದ ಬಂದದ್ದಲ್ಲ, ಆಂಟೆನಾ ಎಲ್ಲಿದೆ ಅನ್ನುವುದರಿಂದ ಬಂದದ್ದು. ಈ ವಿಷಯದಲ್ಲಿ ನನಗೆ ಮುಖ್ಯ ಅನಿಸುವುದು ಇದೊಂದೇ: ಯಾರಿಗೆ ಎಷ್ಟು ಎಂಬುದರ ಬಹುಪಾಲು ಕಂಪ್ಯೂಟರ್ ಲೆಕ್ಕ ಶುರುವಾಗುವ ಮೊದಲೇ, ಕೇಬಲ್ ಎಲ್ಲಿಗೆ ಎಳೆದರು ಅನ್ನುವಲ್ಲೇ ತೀರ್ಮಾನ ಆಗಿರುತ್ತದೆ.

ಹೀಗೆ ಆಂಟೆನಾಗಳನ್ನು ಚದುರಿಸಿ ಇಡುವ ಯೋಚನೆ ಹೊಸದಲ್ಲ. ಕಟ್ಟಡದೊಳಗಿನ ರೇಡಿಯೊಗೆ ಇದನ್ನು ಅಮೆರಿಕದಲ್ಲಿ 1987ರಲ್ಲೇ ಬರೆದಿದ್ದರು. ಇವತ್ತು ಮಾಲ್, ಏರ್‌ಪೋರ್ಟ್, ಟೆಕ್ ಪಾರ್ಕ್‌ಗಳ ಫಾಲ್ಸ್ ಸೀಲಿಂಗ್‌ನಲ್ಲಿ ಕಾಣುವ ಬಿಳಿ ಬಟ್ಟಲಿನಂಥ ವಸ್ತುಗಳಲ್ಲಿ ಹಲವು ಇವೇ. ಕೆಲಸದವರು ಡಿಎಎಸ್ (ಡಿಸ್ಟ್ರಿಬ್ಯೂಟೆಡ್ ಆಂಟೆನಾ ಸಿಸ್ಟಮ್) ಅಥವಾ ಐಬಿಎಸ್ (ಇನ್-ಬಿಲ್ಡಿಂಗ್ ಸೊಲ್ಯೂಷನ್) ಅನ್ನುತ್ತಾರೆ. ಮೆಟ್ರೊ ಸುರಂಗದಂಥ ಕಡೆ ಬಟ್ಟಲಿನ ಬದಲು ಉದ್ದಕ್ಕೂ ಸಿಗ್ನಲ್ ಸೋರುವಂತೆ ಸೀಳು ಬಿಟ್ಟ ಕೇಬಲ್ ಎಳೆಯುವುದು ಜಗತ್ತಿನಾದ್ಯಂತ ರೂಢಿ. ನಮ್ಮ ಮೆಟ್ರೊದ ಕಾಳೇನ ಅಗ್ರಹಾರ–ನಾಗವಾರ ಮಾರ್ಗದಲ್ಲಿ ಡೈರಿ ಸರ್ಕಲ್‌ನಿಂದ ಮುಂದೆ ಸುಮಾರು 13.8 ಕಿಲೋಮೀಟರ್ ನೆಲದಡಿ, 12 ನಿಲ್ದಾಣ. ಮೇಲಿನ ರಸ್ತೆಯ ಟವರ್ ಅಲ್ಲಿ ಲೆಕ್ಕಕ್ಕೇ ಇಲ್ಲ.

ಹಳೇ ಬಗೆಯ ಡಿಎಎಸ್‌ನಲ್ಲಿ ಹಂಚಿಕೆ ಮಾಡುವುದು ಸಾಫ್ಟ್‌ವೇರ್ ಅಲ್ಲ, ತಾಮ್ರ. ಕೆಳಗಿನ ರೂಮಿನಲ್ಲಿ 20 ವ್ಯಾಟ್‌ನ ಒಂದು ರೇಡಿಯೊ. ಅಲ್ಲಿಂದ ದಪ್ಪ ಕೇಬಲ್ ಮಹಡಿ ಮಹಡಿಗೆ. 32 ಆಂಟೆನಾಗಳಿಗೆ ಹಂಚಿದರೆ ತಲಾ 0.6 ವ್ಯಾಟ್. ಕೇಬಲ್ ಇನ್ನೂ 10 ಡೆಸಿಬಲ್ ತಿಂದರೆ ಉಳಿಯುವುದು 0.06 ವ್ಯಾಟ್. ಎಲ್ಲ ಕಡೆ ಪವರನ್ನು ಸೀಳಿ ಹಂಚುವ ಒಂದೇ ಥರದ ಸ್ಪ್ಲಿಟರ್ ಹಾಕಿದರೆ ರೇಡಿಯೊ ಹತ್ತಿರದ ಮಹಡಿ ತಿಂದು ತೇಗುತ್ತದೆ, ತುದಿಯವರಿಗೆ ಏನೂ ಇಲ್ಲ. ಅದಕ್ಕೇ ಅನುಭವ ಇರುವ ಡಿಸೈನರ್ ಹತ್ತಿರದ ಮಹಡಿಗಳಲ್ಲಿ ಸ್ವಲ್ಪವೇ ಕಿತ್ತುಕೊಳ್ಳುವ ಕಪ್ಲರ್ ಹಾಕಿ, ಉಳಿದದ್ದನ್ನು ಮುಂದಕ್ಕೆ ಬಿಡುತ್ತಾರೆ. ತುದಿಗೆ ಹೋದಂತೆ ದೊಡ್ಡ ಪಾಲು. ನೀರುಗಂಟಿಯ ಕೈಚಳಕವೇ. ಆದರೆ ಒಮ್ಮೆ ಬಿಗಿದರೆ ವರ್ಷಗಟ್ಟಲೆ ಹಾಗೇ. ಮಧ್ಯಾಹ್ನ ಒಂದಕ್ಕೆ ಇಡೀ ಆಫೀಸು ಫುಡ್ ಕೋರ್ಟಿಗೆ ಇಳಿದಾಗ, ಖಾಲಿ ಬಿದ್ದ ಆರನೇ ಮಹಡಿಯ ಪವರ್ ಅವರ ಹಿಂದೆ ಇಳಿದು ಬರುವುದಿಲ್ಲ.

ಫೈಬರ್ ಎಳೆದು, ಒಂದೊಂದು ಆಂಟೆನಾ ಪಕ್ಕವೂ ಪುಟ್ಟ ಆಂಪ್ಲಿಫಯರ್ ಇಡುವ ಹೊಸ ಬಗೆಯಲ್ಲಿ ಸಾಫ್ಟ್‌ವೇರ್ ಪವರ್ ಬದಲಿಸಬಹುದು. ಅಲ್ಲಿ ಬೇರೊಂದು ತೊಡಕು. ಒಂದೇ ಟವರ್ ಆದರೆ ಅದರ ಪವರ್ ಒಂದೇ ಗಂಟು, ಯಾರಿಗೆ ಬೇಕಾದರೂ ಕೊಡಬಹುದು. ಚದುರಿದ ಆಂಟೆನಾಗಳಲ್ಲಿ ಒಂದರ ಆಂಪ್ಲಿಫಯರ್‌ನಲ್ಲಿ ಮಿಕ್ಕಿದ್ದನ್ನು ಇನ್ನೊಂದಕ್ಕೆ ಸಾಲ ಕೊಡಲು ಆಗುವುದಿಲ್ಲ. ನಮ್ಮ ಲೆಕ್ಕದಲ್ಲಿ ಎರಡಕ್ಕೂ ಅರ್ಧರ್ಧ ಮಿತಿ ಹಾಕಿದರೆ ಬೇಸ್‌ಮೆಂಟಿಗೆ 3.75ಕ್ಕಿಂತ ಜಾಸ್ತಿ ಕೊಡುವ ದಾರಿಯೇ ಇಲ್ಲ. ಬಾಲ್ಕನಿಗೆ 5.67 ಕೊಡಬಹುದು. ಸಮ ಮಾಡಲೇಬೇಕು ಎಂದು ಬಾಲ್ಕನಿಯನ್ನೂ 3.75ಕ್ಕೆ ಇಳಿಸಿದರೆ ಬೇಸ್‌ಮೆಂಟಿನವರಿಗೆ ನಯಾಪೈಸೆ ಲಾಭ ಇಲ್ಲ. ಅದು ನ್ಯಾಯ ಅಲ್ಲ, ಮೊಂಡುತನ. ಎರಡೂ ಆಂಟೆನಾ ಒಂದೇ ಬ್ಯಾಂಡಿನಲ್ಲಿದ್ದರೆ ಮಾತ್ರ ಕಥೆ ಬೇರೆ. ಆಗ ಬಾಲ್ಕನಿಯ ಪವರ್ ಇಳಿಸಿದರೆ ಬೇಸ್‌ಮೆಂಟಿಗೆ ಆಗುವ ಅಡ್ಡಿ ಇಳಿಯುತ್ತದೆ, ಇಳಿಸಿದ್ದಕ್ಕೆ ಅರ್ಥ ಬರುತ್ತದೆ.

ಈ ದಾರಿಯನ್ನು ತುದಿಯವರೆಗೆ ಎಳೆದರೆ ಸೆಲ್-ಫ್ರೀ ಎಂಬ ಯೋಚನೆ ಸಿಗುತ್ತದೆ. ಒಂದೊಂದು ಟವರಿಗೆ ಒಂದೊಂದು ಏರಿಯಾ ಅನ್ನುವ ಗಡಿಯನ್ನೇ ಅಳಿಸಿ, ಊರಿಡೀ ಚದುರಿದ ನೂರಾರು ಪುಟ್ಟ ಆಂಟೆನಾಗಳು ಒಟ್ಟಾಗಿ ಎಲ್ಲ ಫೋನುಗಳಿಗೂ ಕೆಲಸ ಮಾಡುವುದು. ಥಾಮಸ್ ಮಾರ್ಜೆಟ್ಟಾ, ಎರಿಕ್ ಲಾರ್ಸನ್ ಸೇರಿ ಐವರು ಸಂಶೋಧಕರು 2017ರಲ್ಲಿ ಪ್ರಕಟಿಸಿದ ಲೆಕ್ಕದಲ್ಲಿ, ಶೇಕಡಾ 95ರಷ್ಟು ಜನರಿಗೆ ಖಾತ್ರಿಯಾಗಿ ಸಿಗುವ ಸ್ಪೀಡ್ ತಮ್ಮ ಪಾಡಿಗೆ ತಾವು ಕೆಲಸ ಮಾಡುವ ಬಿಡಿ ಬಿಡಿ ಪುಟ್ಟ ಟವರ್‌ಗಳಿಗಿಂತ (ಸ್ಮಾಲ್ ಸೆಲ್) ಸುಮಾರು ಐದು ಪಟ್ಟು ಬಂತು. ಒಂದೇ ಕಟ್ಟಡದ ನೆರಳು ಅಕ್ಕಪಕ್ಕದವರ ಮೇಲೆಲ್ಲ ಒಟ್ಟಿಗೇ ಬೀಳುವಂಥ ಕಡೆ ಹತ್ತು ಪಟ್ಟು. ಪವರ್ ಹಂಚಿದ್ದು ಮ್ಯಾಕ್ಸ್-ಮಿನ್ ನಿಯಮದಿಂದ. ಇದು ಕಂಪ್ಯೂಟರ್ ಮೇಲಿನ ಲೆಕ್ಕ, ಚಿಕ್ಕಪೇಟೆ ಗಲ್ಲಿಯಲ್ಲಿ ಅಳೆದದ್ದಲ್ಲ ಅನ್ನುವುದು ನೆನಪಿರಲಿ. ಪ್ರತಿ ಆಂಟೆನಾಕ್ಕೂ ಫೈಬರ್ ಬೇಕು. ಮರಕ್ಕೆ ಕೇಬಲ್ ಸುತ್ತಿ ನೇತುಹಾಕುವ, ರಸ್ತೆ ಅಗೆದಾಗಲೆಲ್ಲ ಫೈಬರ್ ಕತ್ತರಿಸುವ ಊರಿನಲ್ಲಿ ಅದು ಸಣ್ಣ ಮಾತಲ್ಲ. ಮ್ಯಾಕ್ಸ್-ಮಿನ್‌ಗೆ ಅದರದೇ ಒಂದು ಕಾಟವೂ ಇದೆ: ಬಾಗಿಲು ಮುಚ್ಚಿದ ಲಿಫ್ಟಿನಲ್ಲಿ ಇರುವ ಒಬ್ಬರಿಗಾಗಿ ಇಡೀ ಬೀದಿಯ ಸ್ಪೀಡ್ ಇಳಿಯಬಹುದು. ಹಾಗಾಗಿ ಅಂಥವರನ್ನು ಆ ಗಳಿಗೆಗೆ ಲೆಕ್ಕದಿಂದ ಹೊರಗಿಡುವ ನಿಯಮವೂ ಜೊತೆಗೆ ಬೇಕು. ಲಿಫ್ಟಿನವರು ಅರ್ಧ ನಿಮಿಷಕ್ಕೆ ಹೊರಬರುತ್ತಾರೆ. ಬೇಸ್‌ಮೆಂಟಿನ ಸೆಕ್ಯೂರಿಟಿಯವರು ಬರುವುದಿಲ್ಲ. ಇಬ್ಬರನ್ನೂ ಒಂದೇ ಥರ ಹೊರಗಿಡುವ ಸಾಫ್ಟ್‌ವೇರ್ ಬರೆದರೆ ಅಷ್ಟೂ ಗಣಿತ ವ್ಯರ್ಥ.

ಸರಾಸರಿಯ ಮೋಸ

ಇಷ್ಟೆಲ್ಲ ಇದ್ದೂ ಬೇಸ್‌ಮೆಂಟಿನ ಕಷ್ಟ ಯಾರ ಕಣ್ಣಿಗೂ ಬೀಳುವುದಿಲ್ಲ ಯಾಕೆ? ನಾವು ಅಳೆಯುವುದು ಸರಾಸರಿಯನ್ನು. ನಮ್ಮ ದುರಾಸೆಯ ಹಂಚಿಕೆಯ ಸರಾಸರಿ 3.33 ಮೆಗಾಬಿಟ್, ಪ್ರೊಪೋರ್ಷನಲ್‌ದು 2.8. ಪೇಪರಿನಲ್ಲಿ ‘ಬೆಂಗಳೂರಿನ ಸರಾಸರಿ 5ಜಿ ಸ್ಪೀಡ್’ ಎಂದು ಬಂದರೆ ಗೆಲ್ಲುವುದು ಮೊದಲನೆಯದೇ.

5ಜಿಗೆ ಮಾನದಂಡ ಬರೆದ ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟಕ್ಕೆ ಇದು ಗೊತ್ತಿತ್ತು. ಜಾಹೀರಾತಿನಲ್ಲಿ ಮೆರೆದ ಸೆಕೆಂಡಿಗೆ 20 ಗಿಗಾಬಿಟ್ ಅನ್ನುವುದು ಗರಿಷ್ಠ. ಅದೇ ಮಾನದಂಡದಲ್ಲಿ ಇನ್ನೊಂದು ಸಾಲಿದೆ. ದಟ್ಟ ನಗರದಲ್ಲಿ ಬಳಕೆದಾರರಿಗೆ ಸಿಗಬೇಕಾದ ಡೌನ್‌ಲೋಡ್ ಸ್ಪೀಡ್ 100 ಮೆಗಾಬಿಟ್. ಅದನ್ನು ಅಳೆಯುವುದು ಸರಾಸರಿಯಲ್ಲಲ್ಲ, ಕೆಳಗಿನ ಶೇಕಡಾ 5ರ ಗೆರೆಯಲ್ಲಿ, ಅಂದರೆ ನೂರರಲ್ಲಿ 95 ಜನರಿಗೆ ಅಷ್ಟಾದರೂ ಸಿಗಬೇಕು. ಗರಿಷ್ಠಕ್ಕೂ ಆ ಗೆರೆಗೂ 200 ಪಟ್ಟು ಅಂತರ. ಯಾವ ಹೋರ್ಡಿಂಗ್‌ನಲ್ಲೂ ಈ ಎರಡನೇ ಅಂಕಿ ನೋಡಿದ ನೆನಪಿಲ್ಲ.

ನಮ್ಮಲ್ಲಿ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ ಟ್ರಾಯ್ 2017ರಲ್ಲಿ ಕಾಲ್ ಡ್ರಾಪ್ ಅಳತೆಯನ್ನು ಸರಾಸರಿಯಿಂದ ಬಿಡಿಸಿದ್ದು ಒಳ್ಳೆಯ ಹೆಜ್ಜೆ. ಇಡೀ ಟೆಲಿಕಾಂ ಸರ್ಕಲ್‌ನ (ಹೆಚ್ಚುಕಡಿಮೆ ಒಂದು ರಾಜ್ಯದ) ಒಟ್ಟು ಲೆಕ್ಕದ ಬದಲು, ಶೇಕಡಾ 90ರಷ್ಟು ಸೆಲ್‌ಗಳಲ್ಲಿ (ಟವರ್ ನೋಡಿಕೊಳ್ಳುವ ಏರಿಯಾಗಳಲ್ಲಿ), ಶೇಕಡಾ 90ರಷ್ಟು ದಿನಗಳಲ್ಲಿ ಡ್ರಾಪ್ 2% ಮೀರಬಾರದು ಎಂದಿತು. ಆದರೂ ಆ ಅಳತೆ ಸೆಲ್ ಮಟ್ಟದ್ದು. ಸಿಗ್ನಲ್ಲೇ ಇಲ್ಲದ ಕಡೆ ಕಾಲ್ ಹತ್ತುವುದೇ ಇಲ್ಲ, ಹತ್ತದ ಕಾಲ್ ಡ್ರಾಪ್ ಆಗುವುದೂ ಇಲ್ಲ. 2024ರ ಅಕ್ಟೋಬರ್‌ನಲ್ಲಿ ಟ್ರಾಯ್ ಕಟ್ಟಡಗಳಿಗೇ ಡಿಜಿಟಲ್ ಸಂಪರ್ಕದ ಸ್ಟಾರ್ ರೇಟಿಂಗ್ ಕೊಡುವ ನಿಯಮ ತಂದಿತು. ಫೈಬರ್ ಇದೆಯೇ, ಕಟ್ಟಡದೊಳಗೆ ಮೊಬೈಲ್ ನೆಟ್‌ವರ್ಕ್ ಹೇಗಿದೆ ಎಂಬುದನ್ನೆಲ್ಲ ನೋಡುತ್ತಾರೆ. ಸ್ಟಾರ್ ಎಣಿಸುವಾಗ ಕ್ಲಬ್‌ಹೌಸ್ ಮತ್ತು ಲಾಬಿಯನ್ನಷ್ಟೇ ಅಳೆಯದೆ ಬೇಸ್‌ಮೆಂಟನ್ನೂ ಅಳೆದರೆ ಉಪಯೋಗ.

ಟೆಕ್ ಪಾರ್ಕಿನ ಡಿಎಎಸ್‌ಗೆ ದುಡ್ಡು ಹಾಕಲು ಕಟ್ಟಡದ ಓನರ್ ಇದ್ದಾರೆ, ಬಾಡಿಗೆ ಬರುತ್ತದೆ. ಚಿಕ್ಕಪೇಟೆಯ ಗಲ್ಲಿಯಲ್ಲಿ, ಪೀಣ್ಯದ ತಗಡಿನ ಶೆಡ್ಡುಗಳ ಸಾಲಿನಲ್ಲಿ ಹಾಕುವವರು ಯಾರು? ಅದನ್ನು ಮಾರುಕಟ್ಟೆ ತಾನಾಗೇ ಸರಿ ಮಾಡುತ್ತದೆ ಅನ್ನುವ ನಂಬಿಕೆ ನನಗಿಲ್ಲ. ಕಂಬ, ಬಸ್ ಶೆಲ್ಟರ್‌ಗಳ ಮೇಲೆ ಆಂಟೆನಾ ಹಾಕಲು ಪಾಲಿಕೆ ಅನುಮತಿ ಕೊಡುವಾಗ ಆದಾಯ ಬರುವ ರಸ್ತೆಗಳ ಜೊತೆ ಇಂಥ ಗಲ್ಲಿಗಳನ್ನೂ ಕಟ್ಟಿಕೊಡಬಹುದು. ಇದು ಗಣಿತದ ಪ್ರಶ್ನೆ ಅಲ್ಲ, ಟೆಂಡರ್ ಷರತ್ತಿನ ಪ್ರಶ್ನೆ.

ಅಪಾರ್ಟ್‌ಮೆಂಟ್ ಅಸೋಸಿಯೇಷನ್‌ಗಳ ಕೈಯಲ್ಲಿ ಇರುವುದು ಇನ್ನೂ ಸುಲಭ. ಐಬಿಎಸ್ ಹಾಕಲು ಬಂದ ಕಂಪನಿ ‘ಫುಲ್ ಕವರೇಜ್’ ಎಂದು ಬರೆದುಕೊಟ್ಟರೆ ಒಪ್ಪಬೇಡಿ. ಎರಡನೇ ಬೇಸ್‌ಮೆಂಟು, ಜನರೇಟರ್ ರೂಮು, ಲಿಫ್ಟು, ಮೂಲೆಯ ಫ್ಲ್ಯಾಟು, ಇಷ್ಟೂ ಕಡೆ ನಡೆದು ಅಳೆದ ವರದಿ ಕೇಳಿ. ಅದರಲ್ಲಿ ಸರಾಸರಿ ಬೇಡ, ಎಲ್ಲಕ್ಕಿಂತ ಕೆಟ್ಟ ಶೇಕಡಾ 5 ಜಾಗಗಳ ಅಂಕಿ ಇರಲಿ. ಬೇಸ್‌ಮೆಂಟಿಗೆ ವೈ-ಫೈ ಹಾಕಿದ್ದೇವಲ್ಲ ಎಂದರೆ ಅದರ ಪಾಸ್‌ವರ್ಡ್ ಯಾರ್‍ಯಾರ ಹತ್ತಿರ ಇದೆ ಎಂದು ವಿಚಾರಿಸಿ. ಒಂದೇ ಕಂಪನಿಗೆ ಕಟ್ಟಡವನ್ನು ಬರೆದುಕೊಡಬೇಡಿ, ಎಲ್ಲರ ಸಿಗ್ನಲ್ಲೂ ಒಂದೇ ಕೇಬಲ್‌ನಲ್ಲಿ ಹರಿಯುವ ಹಂಚಿಕೆಯ ಡಿಎಎಸ್ ಇದೆ. ಕಮಿಟಿಯವರ ಫೋನಿನಲ್ಲಿರುವ ಸಿಮ್ ಒಂದಾದರೆ ಸೆಕ್ಯೂರಿಟಿ ಏಜೆನ್ಸಿ ಕೊಟ್ಟಿರುವ ಸಿಮ್ ಬೇರೆ ಇರಬಹುದು, ಟೆಸ್ಟ್ ಮಾಡುವ ದಿನ ಆ ಫೋನನ್ನೂ ಇಸಿದುಕೊಂಡು ಹೋಗಿ.